ಮೀಟರ್ ಯಾಕೆ ಕೂಗುತ್ತಿತ್ತು: ಜಿಪಿಐಬಿ ರೀಡಿಂಗ್ ತೆಗೆಯುವ ಮೂರು ದಾರಿ

ಮೊದಲೇ ಹೇಳಿಬಿಡುತ್ತೇನೆ, ಹಳೇ ಮೀಟರಿನ ರೀಡಿಂಗನ್ನು ಕಂಪ್ಯೂಟರಿಗೆ ತರುವ ಮೂರು ದಾರಿಗಳಲ್ಲಿ ನನ್ನ ವೋಟು ಪೈಥಾನ್ ಲೈಬ್ರರಿಯಾದ ಪೈವೀಸಾದ ಕ್ವೆರಿ ಫಂಕ್ಷನ್‌ಗೆ. ಉಳಿದ ಎರಡನ್ನೂ ಬಳಸಿ ನೋಡಿದ್ದೇನೆ. ಒಂದಕ್ಕಂತೂ ಸ್ವಂತ ದುಡ್ಡು ಹಾಕಿ ನಿದ್ದೆಯನ್ನೂ ಕಳೆದುಕೊಂಡಿದ್ದೇನೆ.

ಕಾಸರಗೋಡಿನ ಹತ್ತಿರದ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ನನ್ನ ಕೆಲಸ. ನಮ್ಮಲ್ಲಿ ಹಳೇ ಎಚ್‌ಪಿ 34401ಎ ಮಲ್ಟಿಮೀಟರ್ ಇದೆ. ಥರ್ಮಿಸ್ಟರ್‌ನ (ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ) ರೆಸಿಸ್ಟೆನ್ಸ್ ರಾತ್ರಿಯಿಡೀ ಅಳೆದು ಫೈಲಿಗೆ ಹಾಕಬೇಕಿತ್ತು. ಅದರಲ್ಲಿ ಸೀರಿಯಲ್ ಪೋರ್ಟೂ ಇದೆಯಲ್ಲ ಅಂತ ಕೇಳಬೇಡಿ, ನಮ್ಮದರಲ್ಲಿ ಅದು ಸತ್ತು ಎಷ್ಟೋ ವರ್ಷವಾಯಿತು. ಉಳಿದದ್ದು ಜಿಪಿಐಬಿ, ಅಂದರೆ 1975ರಲ್ಲಿ ಐಇಇಇ 488 ಅಂತ ಸ್ಟ್ಯಾಂಡರ್ಡ್ ಆದ, ಅಳತೆಯ ಉಪಕರಣಗಳನ್ನು ಕಂಪ್ಯೂಟರಿಗೆ ಜೋಡಿಸುವ ಬಸ್ (ಎಲ್ಲವೂ ಹಂಚಿಕೊಳ್ಳುವ ತಂತಿಗಳ ಸಾಲು). ಒಳ್ಳೆಯ ಹೊಸ ಅಡಾಪ್ಟರ್‌ನ ಬೆಲೆ ಕೇಳಿದರೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಳ್ಳೋದೇ ವಾಸಿ ಅನಿಸುತ್ತದೆ. ಹಾಗಾಗಿ ಆನ್‌ಲೈನಿನಲ್ಲಿ ಸಿಕ್ಕ ಒಂದು ಅಗ್ಗದ ಯುಎಸ್‌ಬಿ ಅಡಾಪ್ಟರ್ ತರಿಸಿದೆ. ಅದು ಕಂಪ್ಯೂಟರಿಗೆ ಸೀರಿಯಲ್ ಪೋರ್ಟಿನ ಹಾಗೆ ಕಾಣುತ್ತದೆ. ಅದಕ್ಕೇ ಹೇಳುವ ಮಾತುಗಳೆಲ್ಲ ಎರಡು ಪ್ಲಸ್ ಗುರುತಿನಿಂದ ಶುರು: ++ರೀಡ್, ++ಆಟೋ, ಹೀಗೆ.

ಮೊದಲ ರಾತ್ರಿ ಸ್ಕ್ರಿಪ್ಟ್ ಓಡಿಸಿ ಮನೆಗೆ ಹೋದೆ. ಹನ್ನೊಂದು ಗಂಟೆಗೆ ವಾಚ್‌ಮನ್ ಫೋನು: "ಸಾರೇ, ಅಗತ್ತ್ ಎಂದೋ ಕರಯುನ್ನುಂಡ್." ಒಳಗೆ ಏನೋ ಅಳ್ತಾ ಇದೆಯಂತೆ! ಮಳೆಯಲ್ಲೇ ಬಂದು ನೋಡಿದರೆ ಅಳುತ್ತಿದ್ದದ್ದು ಮೀಟರ್. ಪ್ರತಿ ಸುತ್ತಿಗೆ ಮೂರು ಬೀಪ್, ಒಂದು ರೀಡಿಂಗ್, ಮತ್ತೆ ಮೂರು ಬೀಪ್. ರೀಡಿಂಗ್ ಮಾತ್ರ ಸರಿಯಾಗೇ ಬರುತ್ತಿತ್ತು, ಅದೇ ತಲೆನೋವು. ಏನೂ ಬರದಿದ್ದರೆ ಮೊದಲೇ ಗೊತ್ತಾಗುತ್ತಿತ್ತು ಅಲ್ವಾ?

ಎರರ್ ಏನು ಅಂತ ಕೇಳಿದೆ. ಮೈನಸ್ 420, ಕ್ವೆರಿ ಅನ್‌ಟರ್ಮಿನೇಟೆಡ್. ಮತ್ತೆ ಕೇಳಿದೆ, ಅದೇ 420. ಅಷ್ಟಕ್ಕೇ ಬಿಟ್ಟೆ. ಎರಡು ದಿನ ಕೇಬಲ್ ಬದಲಿಸುವುದು, ಪೋರ್ಟ್ ಬದಲಿಸುವುದು, ಹೀಗೆ ಸುಮ್ನೆ ಕಳೆಯಿತು.

ವಿಷಯ ಇಷ್ಟೇ. ಈ ಬಸ್ಸಿನಲ್ಲಿ ಮೀಟರ್ ತಾನಾಗಿ ಮಾತಾಡುವುದಿಲ್ಲ, 'ಈಗ ನೀನು ಮಾತಾಡು' ಅಂತ ಕಂಟ್ರೋಲರ್ ಹೇಳಬೇಕು. ನನ್ನ ಅಡಾಪ್ಟರ್ ಆಟೋ 1ರಲ್ಲಿತ್ತು. ಅಂದರೆ ನಾನು ಏನೇ ಕಳಿಸಲಿ, ಅದರ ಹಿಂದೆಯೇ ಅಡಾಪ್ಟರ್ ಮೀಟರಿಗೆ ಮಾತಾಡು ಅನ್ನುತ್ತದೆ. ರೀಡಿಂಗ್ ಕೇಳಿದಾಗ ಸರಿ. ಆದರೆ ರೀಸೆಟ್ ಮಾಡು, ರೆಸಿಸ್ಟೆನ್ಸಿಗೆ ಬಾ ಅನ್ನುವಂಥ ಮಾತಿಗೆ ಮೀಟರ್ ಏನು ಉತ್ತರ ಕೊಡಬೇಕು ಪಾಪ? ಹೇಳಲು ಏನೂ ಇಲ್ಲ, ಆದರೂ ಮಾತಾಡು ಅಂತಾರೆ, ಅದೇ ಆ 420. ಕೂಗುತ್ತದೆ. ಸೇಫ್ ಆಗಿರಲಿ ಅಂತ ಪ್ರತಿ ಸುತ್ತಿಗೂ ಮೂರು ಸೆಟ್ಟಿಂಗ್ ಕಳಿಸುತ್ತಿದ್ದೆ, ಅದಕ್ಕೇ ಮೂರು ಬೀಪ್.

ಆಟೋ 0 ಹಾಕಿ, ಉತ್ತರ ಬೇಕಾದಾಗ ಮಾತ್ರ '++ರೀಡ್ ಇಒಐ' (ಮೀಟರ್ ಮುಗಿಯಿತು ಅನ್ನುವ ಗುರುತು ಕೊಡುವ ತನಕ ಓದು) ಕಳಿಸಿದೆ. ನಿಂತಿತು. ಕರೆಂಟ್ ಹೋಗಿ ಬಂದರೆ ನನ್ನ ಅಡಾಪ್ಟರ್ ಮತ್ತೆ ಆಟೋ 1ಕ್ಕೆ ಹೋಗುತ್ತದೆ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಹಾಗಾಗಿ ಸ್ಕ್ರಿಪ್ಟಿನ ಮೊದಲ ಸಾಲೇ ಈಗ ಆಟೋ 0.

ಮುಗಿಯಿತು ಅಂದುಕೊಂಡರೆ ಇನ್ನೂ ಒಂದು ಬೀಪ್ ಉಳಿದಿತ್ತು. ಮೈನಸ್ 113, ಅಂದರೆ ಮೀಟರಿಗೆ ಗೊತ್ತಿಲ್ಲದ ಕಮಾಂಡ್. ನಾನೇ ಎನ್‌ಪಿಎಲ್‌ಸಿ ಕಮಾಂಡಿನಲ್ಲಿ (ಒಂದು ರೀಡಿಂಗಿಗೆ ಕರೆಂಟಿನ ಎಷ್ಟು ಸುತ್ತು ಅಳೆಯಬೇಕು ಅಂತ ಹೇಳುವುದು ಅದು) ಒಂದು ಅಕ್ಷರ ತಪ್ಪಿಸಿದ್ದೆ. ಈ ಮೀಟರ್ 20 ಎರರ್ ನೆನಪಿಟ್ಟುಕೊಂಡು ಸಾಲಾಗಿ ಹೇಳುತ್ತದೆ. ಅವತ್ತು ಎರಡೇ ಕೇಳಿ ಬಿಡದೆ ಮೂರನೆಯದನ್ನೂ ಕೇಳಿದ್ದರೆ ಇದು ಅಂದೇ ಸಿಗುತ್ತಿತ್ತು. ತಿದ್ದಿದೆ. ತಿದ್ದಿದ ಕೂಡಲೇ ರೀಡಿಂಗ್ ಬರುವುದೇ ನಿಂತಿತು! 100 ಎನ್‌ಪಿಎಲ್‌ಸಿ ಅಂದರೆ ನಮ್ಮ 50 ಹರ್ಟ್ಸ್ ಕರೆಂಟಿಗೆ 2 ಸೆಕೆಂಡ್, ಆಟೋಜೀರೋ (ಮೀಟರ್ ತನ್ನದೇ ಸೊನ್ನೆಯನ್ನೂ ಅಳೆದು ಕಳೆಯುವುದು) ಸೇರಿದರೆ ಸುಮಾರು 4. ನನ್ನ ಅಡಾಪ್ಟರ್ ಕಾಯುವುದು ಹೆಚ್ಚೆಂದರೆ 3000 ಮಿಲಿಸೆಕೆಂಡ್. ಇಷ್ಟು ದಿನ ಓಡಿದ್ದು ನನ್ನ ತಪ್ಪಿನಿಂದಾಗಿ ಮೀಟರ್ 100ರ ಬದಲು 10 ಎನ್‌ಪಿಎಲ್‌ಸಿಯಲ್ಲೇ ಇದ್ದದ್ದಕ್ಕೆ.

ಆಗ ಮಂಗಳೂರಿನ ಗೆಳೆಯರೊಬ್ಬರು ತಮ್ಮಲ್ಲಿ ಖಾಲಿ ಬಿದ್ದಿದ್ದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಅಡಾಪ್ಟರ್ ಕೊಟ್ಟರು. ಮೊದಲು ಸಿ ಭಾಷೆಯಲ್ಲಿ ಬಸ್ಸಿನಿಂದ ಓದುವ ಫಂಕ್ಷನ್ ಐಬಿಆರ್‌ಡಿ ಬಳಸಿದೆ. ಗಟ್ಟಿ ಸಾಮಾನು, ದೂರಿಲ್ಲ. ಆದರೆ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಹೊತ್ತು) 10 ಸೆಕೆಂಡ್ ಬೇಕಾದರೆ 13 ಅಂತ ಬರೆಯಬೇಕು, ಅದು ಕೋಡ್ ನಂಬರ್ ಅಂತೆ. ಓದಿದ್ದರ ಕೊನೆಗೆ, ಇಲ್ಲಿಗೆ ಮುಗಿಯಿತು ಅನ್ನುವ ಸೊನ್ನೆಯನ್ನೂ ನಾವೇ ಹಾಕಬೇಕು, ಇಲ್ಲದಿದ್ದರೆ ಬಫರಿನಲ್ಲಿದ್ದ ಹಳೆಯ ಬಾಲ ಹೊಸ ರೀಡಿಂಗಿಗೆ ಅಂಟಿಕೊಳ್ಳುತ್ತದೆ. ನಿತ್ಯ ಸಿ ಬರೆಯುವವರಿಗೆ ಇದು ಲೆಕ್ಕಕ್ಕಿಲ್ಲ. ನಾನು ವರ್ಷಕ್ಕೆ ಎರಡು ಸಲ ಪ್ರೋಗ್ರಾಂ ಮುಟ್ಟುವವನು.

ಅದೇ ಅಡಾಪ್ಟರ್‌ಗೆ ಪೈವೀಸಾ ಹಾಕಿದೆ. ಹೇಳುವುದಕ್ಕೆ ರೈಟ್, ಕೇಳುವುದಕ್ಕೆ ಕ್ವೆರಿ. ಕ್ವೆರಿ ಅಂದರೆ ಬರೆದು ತಕ್ಷಣ ಓದುವುದು, ಬೇರೇನಿಲ್ಲ. ಬರೀ ರೈಟ್ ಮಾಡಿದರೆ ಮೀಟರನ್ನು ಯಾರೂ ಮಾತಾಡಿಸಲು ಹೋಗುವುದಿಲ್ಲ. ಟೈಮ್‌ಔಟ್ ಸುಮ್ಮನೆ ಬಿಟ್ಟರೆ 2000 ಮಿಲಿಸೆಕೆಂಡ್, ನಾನು 10000 ಮಾಡಿದೆ. ಅವತ್ತಿನಿಂದ ವಾಚ್‌ಮನ್ ಫೋನ್ ಮಾಡಿಲ್ಲ.

ಈ ಅಡಾಪ್ಟರನ್ನು ಮಾರ್ಚಿನಲ್ಲಿ ವಾಪಸ್ ಕೊಡಬೇಕು. ಆಮೇಲೆ ಅದೇ ಅಗ್ಗದ್ದೇ ಗತಿ. ಅದಕ್ಕೂ ಒಂದು ಉಪಾಯ ಮಾಡಿಟ್ಟಿದ್ದೇನೆ: ಮೊದಲು ಅಳೆಯಲು ಶುರು ಮಾಡು ಅನ್ನುವ ಇನಿಟ್ ಕಳಿಸಿ, 5 ಸೆಕೆಂಡ್ ಸುಮ್ಮನಿದ್ದು, ಆಮೇಲೆ ಅಳೆದದ್ದನ್ನು ಕೊಡು ಅನ್ನುವ ಫೆಚ್ ಕೇಳುವುದು. ಅಷ್ಟರಲ್ಲಿ ರೀಡಿಂಗ್ ಮೀಟರಿನ ಮೆಮೊರಿಯಲ್ಲಿ ರೆಡಿ ಇರುತ್ತದೆ, 3 ಸೆಕೆಂಡ್ ಧಾರಾಳ ಸಾಕು. ಇದನ್ನೂ ಒಂದು ಫಂಕ್ಷನ್ ಮಾಡಿ ಹೆಸರು ಕ್ವೆರಿ ಅಂತಲೇ ಇಟ್ಟಿದ್ದೇನೆ.