ಟಪಾಲಿನ ಮುನ್ನೋಟ: ಇನ್ಫಾರ್ಮ್ಡ್ ಡೆಲಿವರಿ ಸಾಕೇ, ವರ್ಚುವಲ್ ಮೇಲ್‌ಬಾಕ್ಸ್ ಬೇಕೇ?

ಅಮೆರಿಕದಲ್ಲಿ ಇರುವವರು ತಮಗೆ ಬರಲಿರುವ ಕಾಗದಗಳ ಚಿತ್ರವನ್ನು ಮೊಬೈಲಿನಲ್ಲೇ ನೋಡಲು ಎರಡು ದಾರಿಗಳಿವೆ. ಒಂದು, ಅಲ್ಲಿನ ಅಂಚೆ ಸೇವೆ ಯುಎಸ್‌ಪಿಎಸ್ 2017ರಿಂದ ದೇಶದಾದ್ಯಂತ ಪುಕ್ಕಟೆಯಾಗಿ ಕೊಡುತ್ತಿರುವ ಇನ್ಫಾರ್ಮ್ಡ್ ಡೆಲಿವರಿ. ಇನ್ನೊಂದು, ತಿಂಗಳ ಬಾಡಿಗೆ ಕಟ್ಟಿ ಖಾಸಗಿಯವರ ವಿಳಾಸಕ್ಕೆ ಟಪಾಲು ತರಿಸಿಕೊಳ್ಳುವ ವರ್ಚುವಲ್ ಮೇಲ್‌ಬಾಕ್ಸ್. ಎರಡನ್ನೂ ಬಳಸಿ ನೋಡಿದ ಮೇಲೆ ನಮಗನಿಸಿದ್ದು ಇಷ್ಟು: ಮನೆಯಲ್ಲೇ ಇರುವವರಿಗೆ ಮೊದಲನೆಯದು ಧಾರಾಳವಾಗಿ ಸಾಕು, ಆದರೆ ಅದನ್ನು ‘ಇವತ್ತು ಬರುವ ಟಪಾಲು’ ಎಂದು ನಂಬಬಾರದು. ಯಾವ ಕಾಗದ ತಪ್ಪಿಹೋಯಿತು ಎಂದು ಹಿಡಿಯುವ ಲೆಕ್ಕದ ಪುಸ್ತಕ ಎಂದು ಇಟ್ಟುಕೊಂಡರೆ ಅದರಷ್ಟು ಉಪಯೋಗದ್ದು ಬೇರೆ ಇಲ್ಲ.

ಚಿತ್ರ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅದರ ತಪ್ಪುಗಳೂ ಅರ್ಥವಾಗುತ್ತವೆ. ವಿಂಗಡಣೆ ಕೇಂದ್ರದ ಯಂತ್ರ ವಿಳಾಸ ಓದುವುದಕ್ಕಾಗಿ ಪ್ರತಿ ಕವರಿನ ಮುಂಭಾಗದ ಫೋಟೋ ತೆಗೆಯುತ್ತದೆ, ಬಾರ್‌ಕೋಡ್ ಹೊಡೆಯುತ್ತದೆ, ಪೋಸ್ಟ್‌ಮ್ಯಾನ್ ಹೋಗುವ ಮನೆಗಳ ಸಾಲಿಗೆ ಸರಿಯಾಗಿ ಜೋಡಿಸುತ್ತದೆ. ಆ ಫೋಟೋವನ್ನೇ ಕಪ್ಪು-ಬಿಳುಪಿನಲ್ಲಿ ಬೆಳಗಿನ ಇಮೇಲಿಗೆ ಹಾಕುತ್ತಾರೆ. ಅಂದರೆ ಯಂತ್ರದ ಕಣ್ಣಿಗೆ ಬಿದ್ದಿದ್ದು ಮಾತ್ರ ನಿಮಗೆ ಕಾಣುತ್ತದೆ. ಕಾಗದ ಪಕ್ಕದ ಮನೆಯ ಕಟ್ಟಿಗೆ ಸೇರಿಕೊಂಡರೆ, ಶನಿವಾರದ ಕಟ್ಟು ಸೋಮವಾರಕ್ಕೆ ಉಳಿದರೆ, ಚಿತ್ರ ಬಂದಿರುತ್ತದೆ, ಡಬ್ಬಿ ಖಾಲಿ ಇರುತ್ತದೆ. ಒಂದೆರಡು ದಿನ ತಡವಾದರೆ ಗಾಬರಿ ಬೇಡ, ಅದು ಮಾಮೂಲು.

ಇದಕ್ಕೆ ವಿರುದ್ಧವಾಗಿ, ಚಿತ್ರವಿಲ್ಲದೆ ಬರುವ ಟಪಾಲೂ ಬಹಳ. ಯಂತ್ರ ಒಪ್ಪುವ ಕಾಗದದ ಅಳತೆ ಗರಿಷ್ಠ ಹನ್ನೊಂದೂವರೆ ಇಂಚು ಉದ್ದ, ಆರು ಇಂಚಿನ ಮೇಲೆ ಇಂಚಿನ ಎಂಟನೇ ಒಂದು ಭಾಗ ಅಗಲ, ಕಾಲು ಇಂಚು ದಪ್ಪ. ಅದಕ್ಕಿಂತ ದೊಡ್ಡ ಪತ್ರಿಕೆ, ಕ್ಯಾಟಲಾಗ್‌ಗಳ ಚಿತ್ರ ಸಾಮಾನ್ಯವಾಗಿ ಬರುವುದಿಲ್ಲ. ಚೌಕಾಕಾರದ ಕವರು, ಒಳಗೆ ಉಬ್ಬಿದ ವಸ್ತು ಇರುವ ಕವರು ಕೈವಿಂಗಡಣೆಗೆ ಹೋಗಬಹುದು. ಊರಿನಿಂದ ಬರುವ ದಪ್ಪ ಲಗ್ನಪತ್ರಿಕೆ ಮುನ್ನೋಟದಲ್ಲಿ ಕಾಣಲಿಲ್ಲವೆಂದರೆ ಇದೇ ಕಾರಣ. ಬೀದಿಯ ಎಲ್ಲ ಮನೆಗಳಿಗೂ ಹಂಚುವ ಜಾಹೀರಾತಿನ ಕಟ್ಟುಗಳೂ ಈ ಯಂತ್ರದೊಳಗೆ ಹೋಗುವುದಿಲ್ಲ. ಕೆಲವು ಸಲ ಚಿತ್ರದ ಜಾಗದಲ್ಲಿ ‘ಈ ಕಾಗದದ ಚಿತ್ರ ನಮ್ಮಲ್ಲಿಲ್ಲ’ ಎಂಬರ್ಥದ ಬೂದು ಚೌಕ ಬರುತ್ತದೆ. ಆ ದಿನ ಡಬ್ಬಿ ನೋಡದೆ ಬಿಡಬೇಡಿ.

ಹಾಗಿದ್ದರೆ ಇದರ ನಿಜವಾದ ಪ್ರಯೋಜನ ಎಲ್ಲಿ? ಟ್ರ್ಯಾಕಿಂಗ್ ಸಂಖ್ಯೆ ಇಲ್ಲದೆ ಬರುವ ಮುಖ್ಯ ಕಾಗದಗಳಲ್ಲಿ. ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಸಾಧಾರಣ ಫಸ್ಟ್ ಕ್ಲಾಸ್ ಕವರಿನಲ್ಲಿ ಬರುತ್ತದೆ, ಹುಡುಕಲು ಸಂಖ್ಯೆಯೇ ಇರುವುದಿಲ್ಲ. ಕ್ರೆಡಿಟ್ ಕಾರ್ಡ್ ಎಷ್ಟೋ ಸಲ ಬ್ಯಾಂಕಿನ ಹೆಸರಿಲ್ಲದ ಬಿಳಿ ಕವರಿನಲ್ಲಿ, ಮೂಲೆಯಲ್ಲಿ ಬರೀ ಪೋಸ್ಟ್ ಬಾಕ್ಸ್ ವಿಳಾಸ ಹೊತ್ತು ಬರುತ್ತದೆ. ಇವು ಕಳೆದುಹೋದರೆ ನಿಮ್ಮ ಕೈಯಲ್ಲಿ ಇರುವ ಒಂದೇ ಸುಳಿವು ಆ ಚಿತ್ರ. ಗ್ರೀನ್ ಕಾರ್ಡ್, ಕೆಲಸದ ಪರವಾನಗಿಯಾದ ಇಎಡಿ ಕಾರ್ಡ್‌ಗಳ ಕತೆ ಬೇರೆ. ಅಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್ ಅವನ್ನು ಪ್ರಯಾರಿಟಿ ಮೇಲ್‌ನಲ್ಲಿ ಟ್ರ್ಯಾಕಿಂಗ್ ಸಮೇತ ಕಳಿಸುತ್ತದೆ. ಆ ದೊಡ್ಡ ಕವರನ್ನು ಕಾಗದಗಳ ಚಿತ್ರದ ಸಾಲಿನಲ್ಲಿ ಹುಡುಕಬೇಡಿ, ಪಾರ್ಸೆಲ್ ಪಟ್ಟಿಯಲ್ಲಿ ಸಂಖ್ಯೆಯ ರೂಪದಲ್ಲಿ ನೋಡಿ. ಇನ್ನು ಎಚ್-1ಬಿ ಅರ್ಜಿ ಹಾಕಿದ್ದು ಕಂಪನಿಯಾದ್ದರಿಂದ ಅದರ ಒಪ್ಪಿಗೆ ಪತ್ರ ಕಂಪನಿಗೋ ವಕೀಲರಿಗೋ ಹೋಗುತ್ತದೆ. ಅದು ನಿಮ್ಮ ಮುನ್ನೋಟದಲ್ಲಿ ಬರಲಿಲ್ಲ ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಸೇರುವ ಕ್ರಮ ಸರಳ. ಯುಎಸ್‌ಪಿಎಸ್ ಖಾತೆ ತೆರೆದು, ವಿಳಾಸ ಹಾಕಿ, ಅದು ಅರ್ಹವೇ ಎಂದು ನೋಡಿ, ಗುರುತು ದೃಢಪಡಿಸಬೇಕು. ಎರಡು ಕಡೆ ಜನ ಸಿಕ್ಕಿಬೀಳುತ್ತಾರೆ. ಮೊದಲನೆಯದು ಅಪಾರ್ಟ್‌ಮೆಂಟ್: ಅಂಚೆಯ ದಾಖಲೆಯಲ್ಲಿ ಪ್ರತಿ ಮನೆಗೂ ಪ್ರತ್ಯೇಕ ಬಾರ್‌ಕೋಡ್ ಇಲ್ಲದೆ ಇಡೀ ಕಟ್ಟಡಕ್ಕೆ ಒಂದೇ ಇದ್ದರೆ ವಿಳಾಸ ಅರ್ಹವಾಗುವುದಿಲ್ಲ. ಮನೆ ಸಂಖ್ಯೆ ಬರೆದ ರೀತಿ ಅಂಚೆಯ ದಾಖಲೆಯಂತೆಯೇ ಇದೆಯೇ ಎಂದು ಮೊದಲು ಹೋಲಿಸಿ ನೋಡಿ. ಎರಡನೆಯದು ಮೊಬೈಲ್: ಫ್ಯಾಮಿಲಿ ಪ್ಲ್ಯಾನ್‌ನಲ್ಲಿ ಸಂಖ್ಯೆ ಬೇರೆಯವರ ಹೆಸರಿನಲ್ಲಿದ್ದರೆ, ಅಥವಾ ಹೊಸದಾಗಿ ಬಂದು ಪ್ರೀಪೇಯ್ಡ್ ಸಿಮ್ ಇದ್ದರೆ, ಆನ್‌ಲೈನ್ ದೃಢೀಕರಣ ಕೈಕೊಡುವುದು ಹೆಚ್ಚು. ಆಗ ಅಂಚೆ ಕಚೇರಿಗೆ ಹೋಗಿ ಗುರುತಿನ ಚೀಟಿ ತೋರಿಸುವ ಆಯ್ಕೆ ಒತ್ತಿ, ಅವರು ಕೊಡುವ ಬಾರ್‌ಕೋಡ್ ಇಟ್ಟುಕೊಂಡು ಹೋಗಿ.

ಖಾಸಗಿತನದ ವಿಷಯದಲ್ಲಿ ನಮಗೆ ಈ ಸೇವೆಯ ಮೇಲೆ ನಿಜವಾದ ತಕರಾರಿದೆ. ಚಿತ್ರಗಳು ವಿಳಾಸಕ್ಕೆ ಅಂಟಿಕೊಂಡಿವೆ, ಹೆಸರಿಗಲ್ಲ. ಒಂದೇ ಮನೆಯಲ್ಲಿ ನಾಲ್ವರು ರೂಮ್‌ಮೇಟ್‌ಗಳಿದ್ದರೆ, ಸೇರಿಕೊಂಡ ಯಾರಿಗಾದರೂ ಉಳಿದ ಮೂವರ ಆಸ್ಪತ್ರೆ ಬಿಲ್ಲು, ವಸೂಲಿಯ ನೋಟಿಸು ಎಲ್ಲದರ ಹೊರಮುಖ ಕಾಣುತ್ತದೆ. ಹೊರಗಿನ ಕಳ್ಳರೂ ಇದನ್ನು ಬಳಸಿಕೊಂಡಿದ್ದಾರೆ: ಬೇರೆಯವರ ಹೆಸರಿನಲ್ಲಿ ಖಾತೆ ತೆರೆದು, ಕ್ರೆಡಿಟ್ ಕಾರ್ಡ್ ಬರುವ ದಿನ ಡಬ್ಬಿಯಿಂದ ಎತ್ತಿಕೊಂಡ ಪ್ರಕರಣಗಳ ಬಗ್ಗೆ 2018ರಲ್ಲಿ ಅಮೆರಿಕದ ಸೀಕ್ರೆಟ್ ಸರ್ವಿಸ್ ಎಚ್ಚರಿಸಿತ್ತು. ಯಾರಾದರೂ ನಿಮ್ಮ ವಿಳಾಸ ಕೊಟ್ಟು ಈ ಸೇವೆಗೆ ಸೇರಿಕೊಂಡರೆ ಯುಎಸ್‌ಪಿಎಸ್ ಆ ವಿಳಾಸಕ್ಕೇ ಕಾಗದ ಕಳಿಸುತ್ತದೆ. ಅದನ್ನು ಜಾಹೀರಾತು ಎಂದು ಹರಿದೆಸೆಯಬೇಡಿ.

ಚಿತ್ರ ಬಂದು ಕಾಗದ ಬಾರದಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ, ಅಂದರೆ ನಿಮ್ಮ ಖಾತೆಯ ಪುಟದಲ್ಲಿ, ಆ ಚಿತ್ರದ ಕೆಳಗೆ ಸಿಗಲಿಲ್ಲ ಎಂದು ಗುರುತು ಮಾಡಿ. ಚಿತ್ರಗಳು ಅಲ್ಲಿ ಕೆಲವೇ ದಿನ ಇರುತ್ತವೆ, ಇಮೇಲಿನಲ್ಲಿ ಮೊದಲ ಕೆಲವು ಮಾತ್ರ ಬರುತ್ತವೆ. ಆದ್ದರಿಂದ ಮುಖ್ಯವಾದುದರ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ. ವಾರ ಕಳೆದರೂ ಬಾರದಿದ್ದರೆ ಕಳೆದ ಟಪಾಲಿನ ಹುಡುಕಾಟದ ಅರ್ಜಿ ಹಾಕಿ, ಕಳವಿನ ಅನುಮಾನವಿದ್ದರೆ ಅಂಚೆ ಅಪರಾಧಗಳ ತನಿಖೆ ಮಾಡುವ ಪೋಸ್ಟಲ್ ಇನ್‌ಸ್ಪೆಕ್ಷನ್ ಸರ್ವಿಸ್‌ಗೆ ದೂರು ಕೊಡಿ. ಬ್ಯಾಂಕ್ ಕಾರ್ಡಾದರೆ ವಾರ ಕಾಯದೆ ಒಂದೆರಡು ದಿನದಲ್ಲೇ ಬ್ಯಾಂಕಿಗೆ ಫೋನ್ ಮಾಡಿ ರದ್ದು ಮಾಡಿಸಿ.

ವರ್ಚುವಲ್ ಮೇಲ್‌ಬಾಕ್ಸ್‌ನ ಗುಣ ಇಲ್ಲಿಂದ ಶುರುವಾಗುತ್ತದೆ. ಅಲ್ಲಿ ಚಿತ್ರ ತೆಗೆಯುವುದು ಕಾಗದ ಕೈಸೇರಿದ ಮೇಲೆ. ಚಿತ್ರ ಇದೆ ಎಂದರೆ ಕಾಗದ ಇದೆ. ದೊಡ್ಡ ಕವರು, ಪಾರ್ಸೆಲ್‌ಗಳ ಫೋಟೋ ಕೂಡ ಬರುತ್ತದೆ. ಹೊರಮುಖ ನೋಡಿ ‘ಒಡೆದು ಸ್ಕ್ಯಾನ್ ಮಾಡಿ’, ‘ಕಳಿಸಿಕೊಡಿ’, ‘ಚೂರು ಮಾಡಿ’ ಎಂದು ಹೇಳಬಹುದು. ವಿಶ್ವಾಸಾರ್ಹತೆಯಲ್ಲಿ ಇದು ಸ್ಪಷ್ಟವಾಗಿ ಮೇಲು. ತಡ ಮಾತ್ರ ಇದ್ದೇ ಇದೆ, ಮುಂಚಿತವಾಗಿ ಏನೂ ತಿಳಿಯುವುದಿಲ್ಲ. ಬಾಡಿಗೆ ಸುಮಾರಾಗಿ ತಿಂಗಳಿಗೆ 10ರಿಂದ 30 ಡಾಲರ್. ತಿಂಗಳ ಮಿತಿ ಮೀರಿದ ಪ್ರತಿ ಸ್ಕ್ಯಾನ್‌ಗೂ, ಕಳಿಸಿಕೊಡುವುದಕ್ಕೂ ಬೇರೆ ದುಡ್ಡು.

ಶುರು ಮಾಡಲು, ನಿಮ್ಮ ಟಪಾಲು ಪಡೆಯಲು ಅವರಿಗೆ ಒಪ್ಪಿಗೆ ಕೊಡುವ ಯುಎಸ್‌ಪಿಎಸ್ ಫಾರ್ಮ್ 1583 ತುಂಬಿ, ಎರಡು ಗುರುತಿನ ದಾಖಲೆ ಕೊಟ್ಟು, ಸಾಮಾನ್ಯವಾಗಿ ನೋಟರಿ ಮಾಡಿಸಬೇಕು. ವಿಳಾಸದಲ್ಲಿ ನಿಮ್ಮ ಪೆಟ್ಟಿಗೆಯ ಸಂಖ್ಯೆ ಬಿಟ್ಟುಹೋದರೆ ಅದೇ ಕಟ್ಟಡದ ನೂರಾರು ಹೆಸರುಗಳ ನಡುವೆ ನಿಮ್ಮ ಕಾಗದ ಸಿಕ್ಕುವುದು ಕಷ್ಟ. ದೊಡ್ಡ ಅಡ್ಡಿ ಬೇರೆ ಇದೆ: ಇಂಥ ವಿಳಾಸಗಳಿಗೆ ಅಂಚೆಯ ದಾಖಲೆಯಲ್ಲಿ ಬೇರೆಯವರ ಟಪಾಲು ಪಡೆಯುವ ವಾಣಿಜ್ಯ ಏಜೆನ್ಸಿ ಎಂಬ ಗುರುತಿರುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ ಇದನ್ನು ವಾಸದ ವಿಳಾಸವಾಗಿ ಒಪ್ಪುವುದಿಲ್ಲ. ಯುಎಸ್‌ಸಿಐಎಸ್‌ಗೂ ಮನೆ ಬದಲಿಸಿದ 10 ದಿನದೊಳಗೆ ಎಆರ್-11 ಎಂಬ ವಿಳಾಸ ಬದಲಾವಣೆಯ ಫಾರ್ಮಿನಲ್ಲಿ ನಿಜವಾಗಿ ವಾಸಿಸುವ ವಿಳಾಸವನ್ನೇ ಕೊಡಬೇಕು. ಹಾಗಾಗಿ ಇದು ಮನೆಯ ವಿಳಾಸಕ್ಕೆ ಬದಲಿಯಲ್ಲ, ಅದರ ಜೊತೆಗೆ ಇಟ್ಟುಕೊಳ್ಳುವಂಥದ್ದು.

ರಜೆಗೆ ಊರಿಗೆ ಬರುವವರಿಗೆ ದಿನಗಳ ಲೆಕ್ಕವೇ ನಿರ್ಣಾಯಕ. ಟಪಾಲನ್ನು ಹಂಚದೆ ತಡೆದಿಡುವ ಅಂಚೆಯ ಹೋಲ್ಡ್ ಮೇಲ್ ಕನಿಷ್ಠ 3 ದಿನ, ಗರಿಷ್ಠ 30 ದಿನ. ಅಷ್ಟರೊಳಗೆ ಮರಳುವುದಾದರೆ ಹೋಲ್ಡ್ ಹಾಕಿ, ಮೈಸೂರಿನಲ್ಲಿ ಕೂತು ಬೆಳಗಿನ ಇಮೇಲ್ ನೋಡುತ್ತಿದ್ದರೆ ಸಾಕು. ಆರು ವಾರ, ಎರಡು ತಿಂಗಳು ಎಂದರೆ ಚಿತ್ರ ಮಾತ್ರ ಕಾಣುತ್ತದೆ, ಕವರಿನೊಳಗಿನ ತೆರಿಗೆ ನೋಟಿಸಿನ ಗಡುವು ಕಾಣುವುದಿಲ್ಲ. ಆಗ ಎರಡು ಉಪಾಯ. ನಂಬಿಕೆಯ ಗೆಳೆಯರ ಮನೆಗೆ ತಾತ್ಕಾಲಿಕ ವಿಳಾಸ ಬದಲಾವಣೆ ಮಾಡಬಹುದು, ಇದಕ್ಕೆ ಕನಿಷ್ಠ 15 ದಿನ. ಇಲ್ಲವೇ ವಾರಕ್ಕೊಮ್ಮೆ ಎಲ್ಲವನ್ನೂ ಕಟ್ಟಿ ಕಳಿಸುವ ಪ್ರೀಮಿಯಂ ಫಾರ್ವರ್ಡಿಂಗ್ ತೆಗೆದುಕೊಳ್ಳಬಹುದು, ಆದರೆ ಅದು ಅಮೆರಿಕದೊಳಗಿನ ವಿಳಾಸಕ್ಕೆ ಮಾತ್ರ. ಇಮಿಗ್ರೇಶನ್ ಕಾರ್ಡ್ ಬರುವುದಿದ್ದರೆ ಫಾರ್ವರ್ಡಿಂಗ್ ನೆಚ್ಚಬೇಡಿ, ಅದು ಕಳಿಸಿದವರಿಗೇ ವಾಪಸಾಗಬಹುದು.

ವರ್ಷದಲ್ಲಿ ಹಲವು ತಿಂಗಳು ಹೊರಗಿರುವವರು ವರ್ಚುವಲ್ ಮೇಲ್‌ಬಾಕ್ಸ್ ತೆಗೆದುಕೊಳ್ಳಲೇಬೇಕು ಎನ್ನುತ್ತೇವೆ. ಆದರೆ ಬಿಡುವಾಗಿನ ತೊಂದರೆ ತಿಳಿದು ಸೇರಿ. ಅಲ್ಲಿಂದ ಹೊರಬಿದ್ದ ಮೇಲೆ ಯುಎಸ್‌ಪಿಎಸ್‌ನ ಮಾಮೂಲಿ ವಿಳಾಸ ಬದಲಾವಣೆ ನಡೆಯುವುದಿಲ್ಲ. ಏಜೆನ್ಸಿಯೇ 6 ತಿಂಗಳು ನಿಮ್ಮ ಟಪಾಲನ್ನು ಮುಂದೆ ಕಳಿಸಬೇಕು, ಅದರ ಅಂಚೆ ವೆಚ್ಚ ನಿಮ್ಮದು. ಆ ಅವಧಿಯಲ್ಲಿ ಬರುವ ಪ್ರತಿ ಕವರಿನ ಕಳುಹಿಸಿದವರ ಹೆಸರನ್ನು ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಹೊಸ ವಿಳಾಸ ಕೊಡುತ್ತಾ ಹೋಗಿ.