ಚಾಕೊಲೇಟ್ ಕಾಫಿ ಕೇಕಿನ ಸಿದ್ಧ ಮಿಶ್ರಣ: ಥೈರಾಯ್ಡ್ ತೊಂದರೆಯಿರುವವರ ದೃಷ್ಟಿಯಿಂದ

ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನ ಬೇಕಿಂಗ್ ಸಾಮಾನಿನ ಅಂಗಡಿಯೊಂದರಲ್ಲಿ ಕೊಂಡ ಚಾಕೊಲೇಟ್ ಕಾಫಿ ಕೇಕ್ ಮಿಶ್ರಣವನ್ನು ಮಾಟುಂಗದ ನಮ್ಮ ಮನೆಯ ಓವನ್ನಿನಲ್ಲಿ ಬೇಯಿಸಿ ನೋಡಿದೆ. ಕೋಕೋದ ಗಾಢತೆಯನ್ನು ಕಾಫಿ ಹೆಚ್ಚಿಸುತ್ತದೆ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದ ಕೇಕು ಮೃದುವಾಗಿ ಉಬ್ಬುತ್ತದೆ. ಸಿಹಿ ಮಾತ್ರ ಅತಿಯಾಯಿತು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕೆಂಬ ನಿಯಮ ನಮ್ಮಲ್ಲಿರುವುದರಿಂದ, ಪಟ್ಟಿಯ ಮೊದಲಿಗೇ ಸಕ್ಕರೆ ಇದೆಯೆಂದರೆ ಅದು ಮೈದಾಕ್ಕಿಂತಲೂ ಹೆಚ್ಚಿದೆ ಎಂದೇ ಅರ್ಥ.

ಹೈಪೊಥೈರಾಯ್ಡಿಸಂಗಾಗಿ, ಅಂದರೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಸ್ರವಿಸದ ತೊಂದರೆಗಾಗಿ, ಆ ಕೊರತೆ ತುಂಬುವ ಲೆವೊಥೈರಾಕ್ಸಿನ್ ಮಾತ್ರೆ ಸೇವಿಸುವ ನನ್ನಂಥವರು ಗಮನಿಸಬೇಕಾದದ್ದು ಇನ್ನೂ ಇದೆ. ಈ ಮಾತ್ರೆಯನ್ನು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ, ಬೆಳಗಿನ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ನೀರಿನೊಂದಿಗೆ ತೆಗೆದುಕೊಳ್ಳಬೇಕು. ಕಾಫಿಯಾಗಲಿ ಸೋಯಾ ಹಿಟ್ಟಾಗಲಿ ಅದರೊಡನೆ ಹೊಟ್ಟೆ ಸೇರಿದರೆ ಔಷಧಿಯನ್ನು ದೇಹ ಹೀರಿಕೊಳ್ಳುವುದು ಕಡಿಮೆಯಾಗಬಹುದು, ಕ್ಯಾಲ್ಸಿಯಂ ಗುಳಿಗೆಗಂತೂ ನಾಲ್ಕು ಗಂಟೆಗಳ ಅಂತರವೇ ಬೇಕು. ಈ ಮಿಶ್ರಣದಲ್ಲಿ ಕಾಫಿಯ ಜೊತೆಗೆ ಸೋಯಾ ಹಿಟ್ಟೂ ಇದ್ದು, ಅದನ್ನು ಪೊಟ್ಟಣದ ಹಿಂಬದಿಯಲ್ಲಿ ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿದ್ದಾರೆ. ಹಾಗೆಂದು ಕೇಕನ್ನೇ ಬಿಡಬೇಕಾಗಿಲ್ಲ. ಸಂಜೆಯ ಹೊತ್ತಿಗೆ ಒಂದು ಸಣ್ಣ ತುಂಡು ತಿಂದರೆ ಬೆಳಗಿನ ಮಾತ್ರೆಗೆ ಅಡ್ಡಿಯಾಗದು. (ಫಿಲ್ಟರ್ ಕಾಫಿಯನ್ನೇ ಒಂದು ಗಂಟೆ ಮುಂದೂಡಲು ಕಲಿತವರಿಗೆ ಇದೇನು ಮಹಾ!)

ಪೊಟ್ಟಣವನ್ನು ಮತ್ತೆ ಮುಚ್ಚುವ ವ್ಯವಸ್ಥೆಯಿಲ್ಲದ ಕಾರಣ ಮುಂಬಯಿಯ ಮಳೆಗಾಲದ ತೇವಕ್ಕೆ ಉಳಿದ ಪುಡಿ ಗಂಟುಗಟ್ಟಿತು. ಸಕ್ಕರೆ ಕಡಿಮೆ ಮಾಡಿದರೆ ಮತ್ತೆ ಕೊಂಡೇನು. ಸದ್ಯಕ್ಕೆ ಮೈದಾ, ಕೋಕೋ ಪುಡಿ ಮತ್ತು ಗಟ್ಟಿ ಡಿಕಾಕ್ಷನ್ ಸೇರಿಸಿ ಮನೆಯಲ್ಲೇ ಕಲಸಿಕೊಳ್ಳುವುದು ವಾಸಿ.