ಆಗ್ರಾದಲ್ಲಿ ಪಚ್ಚೀಕಾರಿ ತಟ್ಟೆ ಕೊಳ್ಳುವ ಮುಂಚೆ ಇದನ್ನು ಓದಿ

ಪಚ್ಚೀಕಾರಿ ಅಂದರೆ ಅಮೃತಶಿಲೆಯನ್ನು ಕೊರೆದು ಬಣ್ಣದ ಕಲ್ಲು ಕೂರಿಸುವ ಕುಸುರಿ ಕೆಲಸ. ತಾಜ್ ನೋಡಲು ಹೋದಾಗ ಆಟೋದವರು "ಸರ್ಕಾರಿ ಮಾರ್ಬಲ್ ಫ್ಯಾಕ್ಟರಿ ಇದೆ, ಸುಮ್ನೆ ನೋಡಿ ಬನ್ನಿ" ಅಂದರೆ ದಯವಿಟ್ಟು ಇಳಿಯಬೇಡಿ. ನಾವು ಅಲ್ಲಿಂದ 9,000 ರೂಪಾಯಿ ಕೊಟ್ಟು ತಂದ ತಟ್ಟೆ ಮಾರ್ಬಲ್ಲೇ ಅಲ್ಲ.

ಬಾಗಿಲಲ್ಲೇ ಒಬ್ಬ ಕೆಲಸಗಾರರನ್ನು ಕೂರಿಸಿರುತ್ತಾರೆ. ಅವರ ಕೈಚಳಕ ಅಪ್ಪಟ, ಅದರಲ್ಲಿ ಎರಡು ಮಾತಿಲ್ಲ. ಒಂದು ಕೈಯಲ್ಲಿ ಬಿಲ್ಲು ಎಳೆದು ಸಾಣೆ ಚಕ್ರ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಉಗುರಿಗಿಂತ ಚಿಕ್ಕ ಕಲ್ಲನ್ನು ಹಿಡಿದು ಎಸಳಿನ ಆಕಾರಕ್ಕೆ ತೇಯುತ್ತಾರೆ. ಕೆಂಪು ಬಳಿದ ಮಾರ್ಬಲ್ ಮೇಲೆ ಗೆರೆ ಹಾಕಿ, ಅಷ್ಟೇ ಅಳತೆಗೆ ಕೊರೆದು, ಎಸಳು ಕೂರಿಸುತ್ತಾರೆ. ಆಮೇಲೆ ಮಾಲೀಕ ಟಾರ್ಚ್ ಹಿಡಿಯುತ್ತಾನೆ. ಕಾರ್ನೀಲಿಯನ್ ಅನ್ನುವ ಕೆಂಪು ಕಲ್ಲಿನ ಹೂವು ಕೆಂಡದ ಹಾಗೆ ಹೊಳೆಯುತ್ತದೆ. ಎಲ್ಲರೂ ಮರುಳಾಗುವುದು ಅಲ್ಲೇ. ಆದರೆ ಕೆಂಪು ಗಾಜೂ ಹಾಗೇ ಹೊಳೆಯುತ್ತದೆ ಅಲ್ವಾ? ಮೇಲಾಗಿ ಹೊರಗೆ ತೋರಿಸಿದ್ದೇ ಒಂದು, ಒಳಗೆ ಮಾರಿದ್ದೇ ಒಂದು.

ಮನೆಗೆ ಬಂದ ಮೇಲೆ ಅತ್ತಿಗೆಗೆ ಯಾಕೋ ಅನುಮಾನ. ನೇಲ್ ಪಾಲಿಶ್ ರಿಮೂವರಿನಲ್ಲಿ ಹತ್ತಿ ಅದ್ದಿ "ಲ್ಯಾಪಿಸ್" ಅನ್ನುವ ಬೆಲೆಬಾಳುವ ನೀಲಿ ಕಲ್ಲಿನದೆಂದು ಕೊಟ್ಟಿದ್ದ ಎಸಳನ್ನು ಒರೆಸಿದರು. ಹತ್ತಿಯೆಲ್ಲ ನೀಲಿ, ಎಸಳು ಬೆಳ್ಳಗೆ. ಅಗ್ಗದ ಬಿಳಿ ಕಲ್ಲಿಗೆ ಬಣ್ಣ ಹಾಕಿದ್ದರು. ತಟ್ಟೆಯ ಹಿಂಬದಿ ಉಗುರಿನಿಂದ ಗೀರಿದರೆ ಪುಡಿ ಉದುರಿತು. ಬಳಪದ ಕಲ್ಲು! ರಾಜಸ್ಥಾನದ ಮಕ್ರಾನಾ ಅಮೃತಶಿಲೆ ಉಗುರಿಗೆಲ್ಲ ಜಗ್ಗುವುದಿಲ್ಲ. ಈ ಗೀರುವ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ. ಬೇಡ ಅಂದರೆ ಹೊರಟುಬಿಡಿ.

ಅಸಲಿ ಕೆಲಸ ಹೇಗಿರುತ್ತದೆಂದು ಕಣ್ಣಿಗೆ ಅಭ್ಯಾಸ ಆಗಬೇಕಾದರೆ, ಅಂಗಡಿಗೆ ಮುಂಚೆ ಯಮುನೆಯ ಆಚೆ ದಡದ ಇತ್ಮಾದುದ್ದೌಲ ಗೋರಿಗೆ ಹೋಗಿ. 1628ರದ್ದು, ತಾಜ್‌ಗಿಂತ ಹಳೆಯದು, ಜನವೂ ಕಡಿಮೆ. ಅಷ್ಟು ದೂರ ಯಾಕೆ, ನಮ್ಮ ಮೈಸೂರು ಅರಮನೆಯ ಅಂಬಾವಿಲಾಸದ ನೆಲದಲ್ಲೂ ಅಮೃತಶಿಲೆಗೆ ಬಣ್ಣದ ಕಲ್ಲು ಕೂರಿಸಿದ್ದಾರೆ.

ಅಂಗಡಿಯವನು ಈಗ ಫೋನ್ ಎತ್ತುತ್ತಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ತೊಡಕು ಏನೆಂದರೆ, ಬಿಲ್‌ನಲ್ಲಿ ಮಾರ್ಬಲ್ ಅಂತಲೂ ಇಲ್ಲ, ಲ್ಯಾಪಿಸ್ ಅಂತಲೂ ಇಲ್ಲ. ಬರೀ "ಹ್ಯಾಂಡಿಕ್ರಾಫ್ಟ್ ಐಟಂ, 1" ಅಂತಿದೆ. ನೀವು ಕೊಂಡರೆ ಯಾವ ಕಲ್ಲು ಅನ್ನುವುದನ್ನು ದುಡ್ಡು ಕೊಡುವ ಮುಂಚೆಯೇ ಬಿಲ್‌ನಲ್ಲಿ ಬರೆಸಿಕೊಳ್ಳಿ.